ಹಾಸ್ಟೆಲ್ ಕಿಟಕಿಯ ಮೆಂತೆ

ಡಿಸೆಂಬರ್ ಬಂತಂದ್ರೆ ಮಚ್ಛೆಯಲ್ಲಿ ಮೊದಲ ಪೀರಿಯಡ್‌ಗೆ ಏಳೋದೇ ಕಷ್ಟ. ರಾತ್ರಿ 13-14 ಡಿಗ್ರಿಗೆ ಇಳಿಯುತ್ತೆ. ಅದಕ್ಕೇ ರೂಮಲ್ಲಿ ಹಾಕಿದ ಸಸಿಗಳು ಸತ್ತಾಗ ನಾವು ಮೂವರೂ ಚಳಿಯನ್ನೇ ಬೈದೆವು. ತಪ್ಪು ಚಳಿಯದ್ದಾಗಿರಲಿಲ್ಲ.

ಬೀಜ ಬಂದಿದ್ದು ಖಾನಾಪುರದಿಂದ. ನಮ್ಮ ರೂಮ್‌ಮೇಟ್‌ನ ಅವ್ವ ಹಿತ್ತಲಲ್ಲಿ ಬೆಳೆದ ಹವೀಜ, ಮೆಂತೆಕಾಳು ಒಂದು ಡಬ್ಬಿ ಕಟ್ಟಿ ಕೊಟ್ಟಿದ್ರು: "ಮೆಸ್ಸಿನ ಊಟದ ಜೋಡಿ ಒಂಚೂರು ಹಸಿರು ತಿನ್ರಿ." ಅರ್ಧ ಡಬ್ಬಿ ಮೊದಲ ಸಲವೇ ಹಾಳಾಯ್ತು. ಮೊಳಕೆ ಏನೋ ಬಂತು, ಆದ್ರೆ ಬಿಳಿ ದಾರದ ಹಾಗೆ ಉದ್ದವಾಗಿ ಒಂದೇ ವಾರಕ್ಕೆ ಮಲಗಿಬಿಟ್ಟವು. ಬೆಳಕು ಸಾಲದಿದ್ರೆ ಗಿಡ ಎಲೆ ಬೆಳೆಸೋದು ಬಿಟ್ಟು ಕಾಂಡವನ್ನೇ ಉದ್ದ ಮಾಡುತ್ತೆ.

ಫೋನಿನ ಲಕ್ಸ್ ಮೀಟರ್ ಆ್ಯಪ್ ಹಿಡಿದು ನೋಡಿದೆವು. ಟೇಬಲ್ ಮೇಲೆ 150 ಲಕ್ಸ್. ನಮ್ಮ ಕಿಟಕಿಯಲ್ಲಿ ಸಾವಿರದ ಆಸುಪಾಸು. ಎದುರು ರೂಮಿನ ಕಿಟಕಿಯಲ್ಲಿ ಬಿಸಿಲು ಬಿದ್ದಾಗ 30,000 ದಾಟಿತು! ನಮ್ಮ ಕಣ್ಣು ಹೊಂದಿಕೊಳ್ಳುತ್ತೆ, ಹಾಗಾಗಿ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತೇ ಆಗಲ್ಲ.

ಕಾರಣ ದಿಕ್ಕು. ಬೆಳಗಾವಿ ಇರೋದು ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ಕ್ಕೆ ಸೂರ್ಯ 23.45 ಡಿಗ್ರಿ ದಕ್ಷಿಣಕ್ಕೆ ಹೋಗಿರ್ತಾನೆ. ಎರಡನ್ನೂ ಕೂಡಿಸಿ 90ರಿಂದ ಕಳೆದ್ರೆ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 51 ಡಿಗ್ರಿ. ಅಂದ್ರೆ ಚಳಿಗಾಲದಲ್ಲಿ ದಕ್ಷಿಣದ ಕಿಟಕಿಗೆ ಬಿಸಿಲು ಓರೆಯಾಗಿ ಒಳಗೇ ಬರುತ್ತೆ, ಉತ್ತರದ ಕಿಟಕಿಗೆ ಬರೋದೇ ಇಲ್ಲ. ನಮ್ಮದು ಉತ್ತರ.

ಹಾಗಾಗಿ ಡಬ್ಬಿಗಳು ಎದುರು ರೂಮಿಗೆ ಹೋದವು (ಬಾಡಿಗೆ: ವಾರಕ್ಕೆರಡು ಚಹಾ). ಒಂದನ್ನು ಮಾತ್ರ ನಮ್ಮಲ್ಲೇ 20 ವ್ಯಾಟ್ ಎಲ್‌ಇಡಿ ಟ್ಯೂಬಿನ ಕೆಳಗೆ 15 ಸೆಂಟಿಮೀಟರ್ ದೂರದಲ್ಲಿಟ್ಟೆವು. ಅಲ್ಲಿ 4,000 ಲಕ್ಸ್ ಬಂತು. ಉದ್ದ ಟ್ಯೂಬಿನ ಹತ್ತಿರ ಫಿಸಿಕ್ಸ್‌ನ ವಿಲೋಮ ವರ್ಗ ನಿಯಮ ನಡೆಯಲ್ಲ, ದೂರ ಅರ್ಧ ಆದ್ರೆ ಬೆಳಕು ಸುಮಾರು ಎರಡು ಪಟ್ಟು, ಅಷ್ಟೇ. ದಿನಕ್ಕೆ 12 ಗಂಟೆ ಉರಿಸಿದ್ರೆ 0.24 ಯೂನಿಟ್. ವಾರ್ಡನ್ ಹತ್ರ ಮೊದಲೇ ಕೇಳಿಬಿಡಿ.

ಉಳಿದಿದ್ದು ಸುಲಭ. ಐಸ್‌ಕ್ರೀಮ್ ಡಬ್ಬಿಯ ತಳಕ್ಕೆ ಕಂಪಾಸ್ ಮೊನೆ ಕಾಯಿಸಿ ತೂತು ಹಾಕಿ. ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಬೆರೆಸಿ ತುಂಬಿ. ಮೆಂತೆಯನ್ನ ರಾತ್ರಿ ನೆನೆಸಿಟ್ರೆ ಎರಡು-ಮೂರು ದಿನಕ್ಕೆ ಮೊಳಕೆ. ಹವೀಜದ ಒಂದು ಗುಂಡಿನಲ್ಲಿ ಎರಡು ಬೀಜ ಇರ್ತವೆ, ಅದನ್ನ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಚಳಿ ಇದ್ರೆ ಹತ್ತು-ಹದಿನೈದು ದಿನ ಕಾಯಿಸುತ್ತೆ. ಚಳಿಯಿಂದ ಆಗಿದ್ದು ಇಷ್ಟು ತಡ ಮಾತ್ರ. ನೀರು ದಿನಾ ಸುರೀಬೇಡಿ. ಈಗ ಮಣ್ಣು ಬೇಗ ಒಣಗಲ್ಲ, ಬುಡ ಕೊಳೆಯುತ್ತೆ. ಬೆರಳು ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ಹಾಕಿ.

ಟೊಮೆಟೊ ಆಸೆ ಇದ್ದವರಿಗೆ 'ಮೈಕ್ರೋ-ಟಾಮ್' ಅನ್ನೋ ಕುಬ್ಜ ತಳಿ ಇದೆ. ಫ್ಲೋರಿಡಾ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದಿದ್ದು, ಗೇಣುದ್ದಕ್ಕೇ ಕಾಯಿ ಬಿಡುತ್ತೆ. ರೂಮಲ್ಲಿ ಗಾಳಿ, ಜೇನುನೊಣ ಇರಲ್ಲ, ಹೂವನ್ನ ಬೆರಳಿಂದ ನಾವೇ ತಟ್ಟಿ ಪರಾಗ ಉದುರಿಸಬೇಕು. ಬಿಸಿಲೂ ಸೊಪ್ಪಿಗಿಂತ ಜಾಸ್ತಿ ಬೇಕು, ಟ್ಯೂಬ್ ಲೈಟ್ ನಂಬಬೇಡಿ.

25ನೇ ದಿನ ಮೆಂತೆ ಕತ್ತರಿಸಿದೆವು. ಹಸಿದೇ, ಉಳ್ಳಾಗಡ್ಡಿ ಜೋಡಿ, ಮೆಸ್ಸಿನ ರೊಟ್ಟಿಗೆ. ಮೂವರಿಗೆ ಒಂದೊಂದು ಹಿಡಿ ಬಂತು. ಫೋಟೋ ಖಾನಾಪುರಕ್ಕೂ ಹೋಯ್ತು, ಅರ್ಧ ಡಬ್ಬಿ ಹಾಳು ಮಾಡಿದ್ದನ್ನ ಮಾತ್ರ ಅವ್ವನಿಗೆ ಇನ್ನೂ ಹೇಳಿಲ್ಲ.