ಇಂಧನದ ಹಾದಿ

ವಿಮಾನವೆಂದೊಡನೆ ದೊಡ್ಡ ಕಾರ್ಖಾನೆ, ನೂರಾರು ಇಂಜಿನಿಯರುಗಳು, ಕೋಟ್ಯಂತರ ರೂಪಾಯಿಗಳ ಬಂಡವಾಳ ಇವು ಕಣ್ಮುಂದೆ ನಿಲ್ಲುವುದು ಸಹಜ. ಆದರೆ ಇಂಜಿನಿನ ಬಲದಿಂದ ಮನುಷ್ಯನನ್ನು ಹೊತ್ತು ಹಾರಿದ ಮೊದಲ ವಿಮಾನ ರೂಪುಗೊಂಡದ್ದು ಇಬ್ಬರು ಸಹೋದರರ ಬೈಸಿಕಲ್ ಅಂಗಡಿಯಲ್ಲಿ. 1903ರಲ್ಲಿ ಹಾರಿದ ರೈಟ್ ಸಹೋದರರ ಆ ವಿಮಾನದಲ್ಲಿ ಇಂಧನದ ಪಂಪು ಇರಲಿಲ್ಲ. ಇಂಜಿನಿಗಿಂತ ಎತ್ತರದಲ್ಲಿ ಕಟ್ಟಿದ್ದ ಒಂದು ಪುಟ್ಟ ಡಬ್ಬಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು ಬರುತ್ತಿತ್ತು.

ಮನೆಯಲ್ಲಿಯೇ ವಿಮಾನ ಕಟ್ಟುವ ಹವ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬ ವೈಮಾನಿಕ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದನು. ವಿಸ್ಕಾನ್ಸಿನ್ ಸಂಸ್ಥಾನದ ಆಷ್‌ಕಾಷ್ ಎಂಬ ಊರಿನಲ್ಲಿ ಆ ಸಂಘ ನಡೆಸುವ ವಾರ್ಷಿಕ ಮೇಳಕ್ಕೆ ಸಾವಿರಾರು ವಿಮಾನಗಳು ಬಂದಿಳಿಯುತ್ತವೆ. ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಹವ್ಯಾಸಿಗಳೇ ಮಾಡಿರಬೇಕೆಂಬುದು ಅಲ್ಲಿನ ಕಾನೂನು. ಅಂಥ ವಿಮಾನದ ಮೇಲೆ ‘ಪ್ರಾಯೋಗಿಕ’ ಎಂಬ ಮಾತನ್ನು ಎದ್ದು ಕಾಣುವಂತೆ ಬರೆದಿರಬೇಕು. ಈ ಸ್ವಾತಂತ್ರ್ಯ ದೊಡ್ಡದು. ಎಲ್ಲಿ ಯಾವ ನಳಿಕೆ ಹಾಯಬೇಕು, ಯಾವ ಹಿಡಿ ಎಲ್ಲಿರಬೇಕು ಎಂಬುದನ್ನು ಕಟ್ಟುವವನೇ ನಿರ್ಧರಿಸಬಹುದು. ರೆಕ್ಕೆಯನ್ನು ಕಟ್ಟಲು ವರ್ಷಗಟ್ಟಲೆ ತಾಳ್ಮೆಯಿಂದ ದುಡಿಯುವವನು ಇಂಧನದ ನಳಿಕೆಗಳನ್ನು ಒಂದು ವಾರದಲ್ಲಿ ಮುಗಿಸಿಬಿಡುವುದೂ ಉಂಟು.

ಟ್ಯಾಂಕಿನಿಂದ ಇಂಜಿನಿನವರೆಗೆ ಪೆಟ್ರೋಲು ಸಾಗುವ ದಾರಿ ಕೆಲವೇ ಅಡಿಗಳದು. ಆ ದಾರಿಯಲ್ಲಿ ಅದಕ್ಕೆ ಇಬ್ಬರು ಶತ್ರುಗಳು: ಕಸ ಮತ್ತು ನೀರು. ಹೊಸ ವಿಮಾನದಲ್ಲಿ ಕಸ ಹೊರಗಿನಿಂದ ಬರುವುದಕ್ಕಿಂತ ಕಟ್ಟಿದವನ ಕೈಯಿಂದಲೇ ಬಂದಿರುವುದು ಹೆಚ್ಚು. ಅಲ್ಯೂಮಿನಿಯಂ ಕೊರೆದಾಗ ಬಿದ್ದ ಚೂರು, ಗಾಜಿನ ನಾರಿನ ಧೂಳು, ತಿರುಪಿನ ಸಂದಿಗೆ ಸುತ್ತಿದ ಪಟ್ಟಿಯ ಎಳೆ ಟ್ಯಾಂಕಿನ ತಳದಲ್ಲಿ ತಣ್ಣಗೆ ಕುಳಿತಿರುತ್ತವೆ. ವಿಮಾನ ಮೊದಲ ಬಾರಿಗೆ ಅಲುಗಾಡಿದಾಗ ಅವು ಎದ್ದು ಹೊರಡುತ್ತವೆ.

ಇವುಗಳನ್ನು ತಡೆಯಲು ಟ್ಯಾಂಕಿನ ಬಾಯಲ್ಲಿ ಬೆರಳಿನಾಕಾರದ ಒಂದು ಜರಡಿ ಇರುತ್ತದೆ. ಕಾರ್ಖಾನೆಯ ಸಣ್ಣ ವಿಮಾನಗಳಿಗೆ ಅಮೆರಿಕದಲ್ಲಿ ಬಹುಕಾಲ ಜಾರಿಯಲ್ಲಿದ್ದ ನಿಯಮದ ಪ್ರಕಾರ ಈ ಜರಡಿಯಲ್ಲಿ ಒಂದು ಅಂಗುಲಕ್ಕೆ 8ರಿಂದ 16 ಕಣ್ಣುಗಳಿರಬೇಕಾಗಿತ್ತು. ಹಿಟ್ಟು ಜರಡಿಗಿಂತಲೂ ಇದು ಒರಟು. ಇಷ್ಟು ಒರಟು ಜರಡಿಯಿಂದ ಏನು ಪ್ರಯೋಜನವೆಂದು ತೋರಬಹುದು. ಆದರೆ ಇಲ್ಲಿಯೇ ಸೂಕ್ಷ್ಮ ಜರಡಿಯನ್ನು ಇಟ್ಟರೆ ಸ್ವಲ್ಪ ಕಸಕ್ಕೇ ಅದು ಮುಚ್ಚಿಹೋಗುತ್ತದೆ. ಬಿಚ್ಚಿ ನೋಡಲು ಕೈಗೆಟುಕದ ಜಾಗದಲ್ಲಿ ಮುಚ್ಚಿಹೋಗುವ ಜರಡಿ ಕಸಕ್ಕಿಂತ ಹೆಚ್ಚಿನ ಅಪಾಯ. ಆದ್ದರಿಂದ ದೊಡ್ಡ ಚೂರುಗಳನ್ನು ಮಾತ್ರ ಇಲ್ಲಿ ತಡೆದು, ಸಣ್ಣವನ್ನು ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಮುಂದಿನ ಶೋಧಕಕ್ಕೆ ಬಿಡುತ್ತಾರೆ. ಮೊದಲ ಹಾರಾಟಗಳ ದಿನಗಳಲ್ಲಿ ಅನುಭವಿಗಳು ಆ ಶೋಧಕವನ್ನು ಮತ್ತೆ ಮತ್ತೆ ಬಿಚ್ಚಿ, ಅದರಲ್ಲಿ ಸಿಕ್ಕಿದ್ದನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಪರೀಕ್ಷಿಸುತ್ತಾರೆ. ಕಾರಿಗೆ ಹಾಕುವ ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಶೋಧಕವನ್ನು ಇಂಜಿನಿನ ಪಕ್ಕದಲ್ಲಿ ಜೋಡಿಸುವವರೂ ಇದ್ದಾರೆ. ಒಳಗಿನ ಕಸವೇನೋ ಕಣ್ಣಿಗೆ ಕಾಣುತ್ತದೆ; ಆದರೆ ಶಾಖಕ್ಕೆ ಅದು ಬಿರಿದರೆ ಪೆಟ್ರೋಲು ಕೆಂಡದಂತೆ ಕಾದ ಹೊಗೆ ಕೊಳವೆಯ ಮೇಲೆ ಸುರಿಯುತ್ತದೆ.

ನೀರಿನ ರೀತಿಯೇ ಬೇರೆ. ಸರಿಯಾಗಿ ಮುಚ್ಚದ ಬಿರಡೆಯಿಂದ ಮಳೆನೀರು ಇಳಿಯಬಹುದು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಬಹುದು. ಒಂದು ಲೀಟರು ನೀರು 1 ಕಿಲೋಗ್ರಾಂ ತೂಗಿದರೆ, ಅಷ್ಟೇ ವಿಮಾನದ ಪೆಟ್ರೋಲು ಸುಮಾರು 0.72 ಕಿಲೋಗ್ರಾಂ ಮಾತ್ರ ತೂಗುತ್ತದೆ. ಆದ್ದರಿಂದ ನೀರು ತಳಕ್ಕಿಳಿದು ನಿಲ್ಲುತ್ತದೆ. ಇಂಧನದ ಹಾದಿಯ ಅತ್ಯಂತ ತಗ್ಗಾದ ಸ್ಥಳದಲ್ಲಿ ಗ್ಯಾಸ್ಕೊಲೇಟರು ಎಂಬ ಸಣ್ಣ ಬಟ್ಟಲನ್ನು ಜೋಡಿಸುವುದು ಇದಕ್ಕಾಗಿಯೇ. ನೀರು ಬಟ್ಟಲಿನ ತಳದಲ್ಲಿ ನಿಂತರೆ ಪೆಟ್ರೋಲು ಮೇಲಿನ ಜರಡಿಯ ಮೂಲಕ ಹಾದುಹೋಗುತ್ತದೆ. ಬಾಲದ ಕೆಳಗೆ ಚಕ್ರವಿರುವ ವಿಮಾನದಲ್ಲಿ ಇನ್ನೊಂದು ತೊಡಕಿದೆ. ನೆಲದ ಮೇಲೆ ಅದು ಮೂತಿ ಎತ್ತಿ ನಿಂತಿರುತ್ತದೆ, ಆಕಾಶದಲ್ಲಿ ಮಟ್ಟಸವಾಗುತ್ತದೆ. ನಿಂತಾಗ ತಗ್ಗಾಗಿದ್ದ ಮೂಲೆ ಹಾರುವಾಗ ತಗ್ಗಾಗಿರುವುದಿಲ್ಲ.

ಪ್ರತಿ ದಿನ ಹಾರುವ ಮೊದಲು, ಪೆಟ್ರೋಲು ತುಂಬಿದ ಬಳಿಕವೂ, ಬಟ್ಟಲಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿಯಬೇಕು. ತಳದಲ್ಲಿ ನೀರಿನ ಗುಂಡು ಹನಿಗಳು ಕಂಡರೆ ಅವು ಮಾಯವಾಗುವವರೆಗೂ ಬಿಡಬೇಕು. ಈ ಪರೀಕ್ಷೆಯಲ್ಲಿ ಮೋಸ ಹೋಗುವ ಸಂದರ್ಭವೂ ಒಂದಿದೆ. ಲೋಟದ ತುಂಬ ಬರಿಯ ನೀರೇ ಬಂದಿದ್ದರೆ ಹನಿಗಳ ಗೆರೆ ಎಲ್ಲಿಯೂ ಕಾಣದು. ಅವಸರದ ಕಣ್ಣಿಗೆ ಅದು ತಿಳಿಯಾದ ಪೆಟ್ರೋಲಿನಂತೆಯೇ ತೋರುತ್ತದೆ. ಸಣ್ಣ ವಿಮಾನಗಳು ಹೆಚ್ಚಾಗಿ ಬಳಸುವ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುವುದು ಅದರ ದರ್ಜೆಯನ್ನು ಗುರುತಿಸಲೆಂದು. ಇಲ್ಲಿಯೂ ಆ ಬಣ್ಣವೇ ನೆರವಿಗೆ ಬರುತ್ತದೆ. ನಮ್ಮ ಹಿರಿಯರು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಂತೆ, ಹಳೆಯ ಕಾಲದ ವೈಮಾನಿಕರು ಪೀಪಾಯಿಯ ಪೆಟ್ರೋಲನ್ನು ಹದಮಾಡಿದ ಮೆತ್ತನೆಯ ತೊಗಲಿನಲ್ಲಿ ಸೋಸಿ ತುಂಬುತ್ತಿದ್ದರು. ಪೆಟ್ರೋಲಿನಲ್ಲಿ ನೆನೆದ ಆ ತೊಗಲು ಪೆಟ್ರೋಲನ್ನು ಬಿಟ್ಟು ನೀರನ್ನು ತಡೆಯುತ್ತಿತ್ತು.

ದಾರಿ ಶುದ್ಧವಾಗಿದ್ದರೆ ಸಾಲದು. ಸಾಕಷ್ಟು ಅಗಲವೂ ಆಗಿರಬೇಕು. ತನ್ನ ಭಾರದಿಂದಲೇ ಇಂಧನ ಇಳಿಯುವ ವಿಮಾನದಲ್ಲಿ, ನೆಲ ಬಿಟ್ಟೇಳುವಾಗ ಇಂಜಿನಿಗೆ ಬೇಕಾಗುವುದರ ಒಂದೂವರೆ ಪಟ್ಟು ಇಂಧನ ಹರಿದು ಬರಬೇಕೆಂಬುದು ಒಪ್ಪಿತವಾದ ಅಳತೆ. ಗಂಟೆಗೆ 30 ಲೀಟರು ಕುಡಿಯುವ ಇಂಜಿನಾದರೆ 45 ಲೀಟರು, ಅಂದರೆ ನಿಮಿಷಕ್ಕೆ ಮುಕ್ಕಾಲು ಲೀಟರು ಬರಬೇಕು. ಇದನ್ನು ಅಳೆಯುವುದು ಕಷ್ಟವಲ್ಲ. ವಿಮಾನದ ಮೂತಿಯನ್ನು ಮೇಲೇರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರಿನ ಬಳಿ ನಳಿಕೆಯನ್ನು ಬಿಚ್ಚಿ, ಅಳತೆಯ ಪಾತ್ರೆ ಹಿಡಿದು ಗಡಿಯಾರ ನೋಡಿದರಾಯಿತು. ಮಟ್ಟಸವಾಗಿ ನಿಂತಾಗ ಚೆನ್ನಾಗಿ ಹರಿದ ಇಂಧನ ಮೂತಿ ಎತ್ತಿದಾಗ ಸಣ್ಣಗೆ ತೊಟ್ಟಿಕ್ಕುವುದುಂಟು. ಅದು ನೆಲದ ಮೇಲೆಯೇ ತಿಳಿದುಬಂದರೆ ಪುಣ್ಯ. ಟ್ಯಾಂಕಿಗೆ ಗಾಳಿ ಹೋಗುವ ಕಿಂಡಿಯೂ ತೆರೆದಿರಬೇಕು. ಮಣ್ಣಿನ ಗೂಡು ಕಟ್ಟುವ ಒಂದು ಕಣಜ ಆ ಕಿಂಡಿಯನ್ನು ಮೆತ್ತಿಬಿಟ್ಟರೂ ಇಂಧನ ನಿಂತುಹೋಗುತ್ತದೆ.

ಒಂದು ಅಪಾಯವನ್ನು ತಪ್ಪಿಸಲು ಮಾಡಿದ ಏರ್ಪಾಡು ಇನ್ನೊಂದು ಅಪಾಯವನ್ನು ತರಬಹುದೆಂಬುದು 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೇ ಕೊಲ್ಲಿಯಲ್ಲಿ ಕಂಡುಬಂತು. ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಅಂದು ತಾನು ಹೊಸದಾಗಿ ಕೊಂಡಿದ್ದ ಲಾಂಗ್-ಈಜಿ ಎಂಬ ವಿಮಾನದಲ್ಲಿ ಒಬ್ಬನೇ ಹಾರುತ್ತಿದ್ದನು. ಬರ್ಟ್ ರುಟಾನ್ ಎಂಬ ವಿನ್ಯಾಸಕಾರನ ನಕ್ಷೆಯನ್ನು ಅನುಸರಿಸಿ ಹವ್ಯಾಸಿಯೊಬ್ಬ ಕಟ್ಟಿದ್ದ ವಿಮಾನ ಅದು. ಅದರಲ್ಲಿ ಎರಡು ಟ್ಯಾಂಕುಗಳು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಒಂದು ಕವಾಟದ ಹಿಡಿ. ಪೆಟ್ರೋಲಿನ ನಳಿಕೆಗಳು ಚಾಲಕ ಕೂರುವ ಜಾಗದಲ್ಲಿ ಹಾಯದಿರಲೆಂದು ಕಟ್ಟಿದವನು ಆ ಕವಾಟವನ್ನು ಹಿಂದಕ್ಕೆ, ಚಾಲಕನ ಎಡ ಭುಜದ ಹಿಂಬದಿಗೆ ಸರಿಸಿದ್ದನು. ಉದ್ದೇಶ ಒಳ್ಳೆಯದೇ ಆಗಿತ್ತು.

ಡೆನ್ವರ್ ಅನನುಭವಿಯೇನೂ ಅಲ್ಲ. 2,700 ಗಂಟೆಗಳಿಗೂ ಹೆಚ್ಚು ಕಾಲ ವಿಮಾನ ನಡೆಸಿದವನು. ಆದರೆ ಈ ಮಾದರಿಯ ವಿಮಾನ ಅವನಿಗೆ ಹೊಸದು. ಹಿಡಿ ಕೈಗೆಟುಕದೆಂಬುದು ಹೊರಡುವ ಮೊದಲೇ ತಿಳಿದಿತ್ತು. ಒಂದು ಇಕ್ಕಳವನ್ನು ಸಿಕ್ಕಿಸಿ ಅದನ್ನು ಉದ್ದ ಮಾಡಲು ನೋಡಿದರು, ಆಗಲಿಲ್ಲ. ಹಿಂಬದಿಯ ಇಂಧನದ ಮಟ್ಟ ನೋಡಲು ತಂತ್ರಜ್ಞನೊಬ್ಬ ಕನ್ನಡಿಯನ್ನು ಕೊಟ್ಟನು. ಇಂಧನ ಕಡಿಮೆಯಿದ್ದರೂ ಸ್ವಲ್ಪ ಹೊತ್ತಿನ ಹಾರಾಟವಷ್ಟೆ ಎಂದು ಡೆನ್ವರ್ ತುಂಬಿಸಿಕೊಳ್ಳಲಿಲ್ಲ. ಸಮುದ್ರತೀರದ ಮೇಲೆ, ಕೆಲವೇ ನೂರು ಅಡಿಗಳ ಎತ್ತರದಲ್ಲಿ, ಇಂಜಿನಿನ ಸದ್ದು ಕುಗ್ಗಿದ್ದನ್ನು ನೋಡುತ್ತಿದ್ದವರು ಕೇಳಿದರು. ವಿಮಾನ ನೆಟ್ಟನೆ ನೀರಿಗೆ ಬಿತ್ತು.

ಅದೇ ಮಾದರಿಯ ವಿಮಾನದಲ್ಲಿ ಕುಳಿತು ತನಿಖೆಗಾರರು ಆ ಹಿಡಿಯನ್ನು ತಿರುಗಿಸಲು ಯತ್ನಿಸಿದರು. ನಿಯಂತ್ರಣದ ಕೋಲಿನಿಂದ ಬಲಗೈಯನ್ನು ತೆಗೆದು, ಇಡೀ ಮೈಯನ್ನು ಎಡಕ್ಕೆ ಹಿಂತಿರುಗಿಸದೆ ಅದು ಎಟುಕಲಿಲ್ಲ. ಹಾಗೆ ತಿರುಗುವಾಗ ಆಸರೆಗಾಗಿ ಬಲಗಾಲು ತಾನಾಗಿಯೇ ಚುಕ್ಕಾಣಿಯ ಪೆಡಲನ್ನು ಒತ್ತುತ್ತಿತ್ತು. ಹಿಡಿಯ ಮೇಲಾಗಲಿ, ಇಂಧನ ತೋರಿಸುವ ಗಾಜಿನ ಮೇಲಾಗಲಿ ಯಾವ ಗುರುತನ್ನೂ ಬರೆದಿರಲಿಲ್ಲ. ತನಿಖೆಯ ವರದಿಯು ಚಾಲಕನ ಗಮನ ಚದರಿದ್ದನ್ನೂ, ಪೆಡಲು ಅರಿವಿಲ್ಲದೆ ಒತ್ತಿದ್ದನ್ನೂ ಮುಖ್ಯ ಕಾರಣವಾಗಿ ಹೇಳಿ, ಇಂಧನ ತುಂಬದಿದ್ದುದನ್ನೂ ಹಿಡಿಯ ಸ್ಥಾನವನ್ನೂ ಅದರ ಜೊತೆಗೆ ಸೇರಿಸಿತು. ರುಟಾನನ ಮೂಲ ನಕ್ಷೆಯಲ್ಲಿ ಆ ಹಿಡಿಯಿದ್ದುದು ಚಾಲಕನ ಮುಂದೆ, ಅವನ ಎರಡು ಕಾಲುಗಳ ನಡುವೆ.