ಇಂಜಿನಿನ ಓಟಕ್ಕೆ ಕಡಿವಾಣವೇಕೆ?

ಮಿರಜದಿಂದ ಪುಣೆಗೆ ಹೋಗುವ ರೈಲುದಾರಿಯಲ್ಲಿ, ಸಾಂಗಲಿ ಜಿಲ್ಲೆಯಲ್ಲೇ, ಕಿರ್ಲೋಸ್ಕರವಾಡಿ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಟ್ಟಿದ ಊರಿದು. ಆ ಮನೆತನದ ಹೆಸರು ಹೊತ್ತ ಡೀಸೆಲ್ ಇಂಜಿನುಗಳು ನಮ್ಮ ಅಡಿಕೆ ತೋಟಗಳಿಗೂ ಪರಿಚಿತವೇ. ಅಂಥ 5 ಅಶ್ವಶಕ್ತಿಯ ಇಂಜಿನೊಂದು ನಿಮಿಷಕ್ಕೆ 1,500 ಸುತ್ತು ತಿರುಗಿದರೆ, ಮಾರುತಿ 800 ಕಾರಿನ ಇಂಜಿನು 5,000 ದಾಟಬಲ್ಲುದು. ಈ ಅಂತರವೇಕೆ?

ಪ್ರತಿ ಸುತ್ತಿನಲ್ಲೂ ಪಿಸ್ಟನ್ ಎರಡು ಬಾರಿ ನಿಂತು ಹಿಂದಿರುಗಬೇಕು. ವೇಗ ಇಮ್ಮಡಿಯಾದರೆ ಕನೆಕ್ಟಿಂಗ್ ರಾಡಿನ ಮೇಲಿನ ಜಗ್ಗುವಿಕೆ ನಾಲ್ಮಡಿಯಾಗುತ್ತದೆ. ಆ ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ ಚಲಿಸುವ ದೂರ 110 ಮಿಲಿಮೀಟರ್, ಕಾರಿನಲ್ಲಿ 72. ಮೇಲಾಗಿ, ಸಿಂಪಡಿಸಿದ ಡೀಸೆಲ್ ಗಾಳಿಯೊಡನೆ ಬೆರೆತು ಉರಿಯಲು ಸಮಯ ಬೇಕು. ಅತಿ ವೇಗದಲ್ಲಿ ವಾಲ್ವನ್ನು ಮುಚ್ಚುವ ಸ್ಪ್ರಿಂಗೂ ಹಿಂದೆ ಬೀಳುತ್ತದೆ. 2006ರಲ್ಲಿ ಫಾರ್ಮುಲಾ ಒನ್ ಪಂದ್ಯದ ಇಂಜಿನು 20,000 ಸುತ್ತು ಮುಟ್ಟಿತು. ಅದರ ಪಿಸ್ಟನ್ ಚಲಿಸುವ ದೂರ ಬಹಳ ಕಡಿಮೆ. ಸ್ಪ್ರಿಂಗಿನ ಬದಲು ಒತ್ತಡದ ಅನಿಲ. ಆದರೂ ಅದು ಬಾಳಬೇಕಾಗಿದ್ದುದು ಎರಡೇ ಪಂದ್ಯ!

ತೋಟದ ಇಂಜಿನು ವರ್ಷಗಟ್ಟಲೆ ದುಡಿಯಬೇಕು. ನೀರು ಹೆಚ್ಚು ಬರಲೆಂದು ಗವರ್ನರನ್ನು ಮನಬಂದಂತೆ ತಿರುಗಿಸುವವರು ಇದನ್ನು ನೆನಪಿಡಬೇಕು. ಆ ಪುಟ್ಟ ಸಾಧನ ಕಾಯುವುದು ಇಂಜಿನಿನ ಆಯುಷ್ಯವನ್ನು.