ಜಿಪ್ಸಿಗೆ ರೇಡಿಯೊ ಕೂರಿಸಿದ ಕಥೆ

ಕಳೆದ ಮಳೆಗಾಲದಲ್ಲಿ ಬಿಸಿಲೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟಿದ್ವಿ. ಮುಂದೆ ನನ್ನ ಹಳೇ ಜಿಪ್ಸಿ, ಹಿಂದೆ ಗೆಳೆಯನ ಜೀಪು. ಒಂದು ತಿರುವಾದ ಮೇಲೆ ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ಕಾಣಲಿಲ್ಲ. ಬರ್ತಾನೆ ಬಿಡು ಅಂತ ನಾಲ್ಕೈದು ಕಿಲೋಮೀಟರ್ ಬಂದುಬಿಟ್ಟೆ. ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ವಾಪಸ್ ಹೋಗಿ ನೋಡಿದರೆ ಎಡಗಡೆ ಚಕ್ರ ಚರಂಡಿಯಲ್ಲಿ, ಒಳಗೆ ಅವನ ನಾಲ್ಕು ವರ್ಷದ ಮಗಳು ಅಳ್ತಾ ಇದ್ದಾಳೆ. "ನೀನು ಹೋಗೇಬಿಟ್ಟೆ ಅಂದ್ಕೊಂಡೆ" ಅಂದ. ಆ ಮಾತು ಬಹಳ ದಿನ ಚುಚ್ಚಿತು.

ಬೆಂಗಳೂರಿಗೆ ಬಂದ ಮೇಲೆ ರೇಡಿಯೊ ಹಾಕಿಸೋಣ ಅಂತ ಹೊರಟರೆ ಮೊದಲ ಪಾಠ: ಅಂಗಡಿಯಲ್ಲಿ ಸಿಕ್ಕ ಸೆಟ್ ತಂದು ಮಾತಾಡೋ ಹಾಗಿಲ್ಲ. ಹ್ಯಾಮ್ ರೇಡಿಯೊಗೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಡ. ಒಂದಿಷ್ಟು ಎಲೆಕ್ಟ್ರಾನಿಕ್ಸ್, ಒಂದಿಷ್ಟು ನಿಯಮ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದಿ ಮರೆತಿದ್ದೇ ಮತ್ತೆ ಎದುರಿಗೆ ಬಂತು. ಪಾಸಾದವರಿಗೆ ವಿಯು3ರಿಂದ ಶುರುವಾಗುವ ಕರೆಸಂಕೇತ. ಇದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಹಾಗಾಗಿ ಟೂರ್ ನಡೆಸುವವರಿಗೆ ಇದು ದಾರಿಯಲ್ಲ.

ಲೈಸೆನ್ಸ್ ಬೇಡದ ದಾರಿಯೂ ಇದೆ: 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್, 5 ವ್ಯಾಟ್ ಮಿತಿ. ಆದರೆ ಅಲ್ಲಿ ಕಾಲು ತರಂಗದ ಆಂಟೆನಾ ಅಂದರೆ ಸುಮಾರು 2.75 ಮೀಟರ್! ಘಾಟಿಯ ಕೊಂಬೆಗಳ ಕೆಳಗೆ ಅದನ್ನು ಹೊತ್ತು ಓಡಾಡೋದು ಯಾರು? ಹ್ಯಾಮ್‌ನವರ 144–146 ಮೆಗಾಹರ್ಟ್ಸ್‌ನಲ್ಲಿ ಅರ್ಧ ಮೀಟರ್ ಕಡ್ಡಿ ಸಾಕು.

ಈಗ ಅಸಲಿ ಕಥೆ. ದುಡ್ಡೆಲ್ಲ ಸೆಟ್ಟಿಗೆ ಹಾಕಿ, ಆಂಟೆನಾವನ್ನು ಒಂದು ಭಾನುವಾರ ಮಧ್ಯಾಹ್ನದಲ್ಲಿ ಮುಗಿಸಿದೆ. ಅಲ್ಲೇ ಎಡವಿದ್ದು. ಕಾಲು ತರಂಗದ ಕಡ್ಡಿ ಅರ್ಧ ಆಂಟೆನಾ ಅಷ್ಟೇ. ಉಳಿದರ್ಧ ಅದರ ಕೆಳಗಿನ ಲೋಹ. ಕಾರಿನ ಉಕ್ಕಿನ ಚಾವಣಿಯ ನಡುವೆ ಕೂರಿಸಿದರೆ ಸರಿ. ನನ್ನ ಜಿಪ್ಸಿಗೆ ಇರೋದು ಕ್ಯಾನ್ವಾಸ್ ಟಾಪ್! ಹಾಗಾಗಿ ಬಾನೆಟ್ಟಿನ ಅಂಚಿಗೆ ಕ್ಲಾಂಪ್ ಹಾಕಿದೆ. ಮೀಟರಿನಲ್ಲಿ ನೋಡಿದರೆ ಎಸ್‌ಡಬ್ಲ್ಯುಆರ್ 3. ಅಂದರೆ ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಕಾಲು ಭಾಗ ಅಲ್ಲಿಂದ ವಾಪಸ್ ಬರ್ತಾ ಇತ್ತು.

ಕಡ್ಡಿ ಕತ್ತರಿಸಬೇಕೇನೋ ಅಂತ ಇಕ್ಕಳ ಹಿಡಿದಿದ್ದೆ, ಪುಣ್ಯಕ್ಕೆ ಕತ್ತರಿಸಲಿಲ್ಲ. ತಪ್ಪಿದ್ದದ್ದು ಪೇಂಟಿನಲ್ಲಿ. ಕ್ಲಾಂಪಿನ ತಿರುಪು ಬಣ್ಣದ ಮೇಲೇ ಕೂತಿತ್ತು, ಲೋಹ ಮುಟ್ಟಿರಲಿಲ್ಲ. ಬಾನೆಟ್ಟಿನ ಒಳಬದಿ ಉಗುರಿನಷ್ಟು ಜಾಗ ಕೆರೆದು, ಬಾನೆಟ್ಟಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಬಿಗಿದೆ. 1.5ಕ್ಕೆ ಇಳೀತು, ಶೇ. 4 ಮಾತ್ರ ವಾಪಸ್. ಕೆರೆದ ಜಾಗಕ್ಕೆ ಗ್ರೀಸ್ ಹಚ್ಚೋದು ಮರೀಬೇಡಿ, ಮಲೆನಾಡಿನ ಮಳೆ ತುಕ್ಕನ್ನು ಬಿಡೋದಿಲ್ಲ.

ಕರೆಂಟಿನಲ್ಲೂ ಅದೇ ಸೋಮಾರಿತನ. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಎಳೆದಿದ್ದೆ. ಕೇಳೋಕೆ ಚೆನ್ನಾಗಿತ್ತು, ಮಾತಾಡೋಕೆ ಗುಂಡಿ ಒತ್ತಿದ ತಕ್ಷಣ ಸೆಟ್ ರೀಸ್ಟಾರ್ಟ್. ಕೇಳುವಾಗ ಬೇಕಾದ್ದಕ್ಕಿಂತ ಮಾತಾಡುವಾಗ ಹಲವು ಪಟ್ಟು ಕರೆಂಟ್ ಬೇಕು, ಸಣ್ಣ ವೈರಿನಲ್ಲಿ ವೋಲ್ಟೇಜ್ ಕುಸಿಯುತ್ತೆ. ಈಗ ದಪ್ಪ ವೈರು ನೇರ ಬ್ಯಾಟರಿಯಿಂದ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಎಂಜಿನ್ ಕಡೆಯಿಂದ ಒಳಗೆ ಬರುವಲ್ಲಿ ರಬ್ಬರ್ ಗ್ರೋಮೆಟ್. ಅದಿಲ್ಲದಿದ್ದರೆ ತಗಡಿನ ಅಂಚು ವೈರಿನ ಹೊದಿಕೆ ಕೊರೆದುಹಾಕುತ್ತೆ.

ಇಷ್ಟಾದರೂ ಈ ಅಲೆಗಳು ಬೆಟ್ಟ ದಾಟಲ್ಲ. ನಡುವೆ ಗುಡ್ಡ ಅಡ್ಡ ಬಂದರೆ ಒಂದೆರಡು ಕಿಲೋಮೀಟರಿಗೇ ದನಿ ಕಡಿಯಬಹುದು. ಆದರೆ ಹಿಂದಿನ ಗಾಡಿ ನಿಂತ ಕ್ಷಣವೇ "ನಿಲ್ಲು" ಅನ್ನೋಕೆ ಅಷ್ಟು ದೂರ ಸಾಕಿತ್ತು, ಅವತ್ತು.

ಹಾಂ, ಒಂದು ಹೇಳೋದು ಮರೆತೆ. ಎರಡೂ ಕಡೆಯವರಿಗೆ ಲೈಸೆನ್ಸ್ ಇರಬೇಕು. ಗೆಳೆಯ ಇನ್ನೂ ಪರೀಕ್ಷೆ ಬರೆದಿಲ್ಲ. ಅವನ ಜೀಪಿಗೆ ನಾನೇ ವೈರು ಎಳೆದು, ಆಂಟೆನಾ ಮೌಂಟ್ ಕೂರಿಸಿ ಬಂದಿದ್ದೀನಿ. ಸೆಟ್ ಇಡುವ ಜಾಗ ಖಾಲಿ. ವಾರಕ್ಕೆರಡು ಸಲ ಫೋನ್ ಮಾಡಿ ಓಮ್ಸ್ ಲಾ ಕೇಳ್ತೀನಿ. ಹಿಂದಿನಿಂದ ಮಗಳೇ ಉತ್ತರ ಹೇಳಿಬಿಡ್ತಾಳೆ, ಕೇಳಿ ಕೇಳಿ ಬಾಯಿಪಾಠ ಆಗಿದೆ ಅವಳಿಗೆ.